ರಾಜರಿಗೆ ಅಡ್ಡಹೆಸರು ಎಲ್ಲಿಂದ ಬಂತು? ‘ಮೌಂಟ್‌ಬ್ಯಾಟನ್ ವಿಂಡ್ಸರ್’ ಸುದ್ದಿ ಓದಿ ಎದ್ದ ಪ್ರಶ್ನೆ

ತುಂಗಾತೀರ
ಇಂಗ್ಲೆಂಡಿನ ರಾಜ ಚಾರ್ಲ್ಸ್ ತಮ್ಮನ ಬಿರುದುಗಳನ್ನೆಲ್ಲ ಹಿಂದಕ್ಕೆ ಪಡೆದ ಸುದ್ದಿಯನ್ನು 2025ರ ಅಕ್ಟೋಬರ್ ಕೊನೆಯಲ್ಲಿ ಎಲ್ಲರೂ ಓದಿರುತ್ತೀರಿ. ಇನ್ನು ಮುಂದೆ ಅವರು ರಾಜಕುಮಾರ ಅಲ್ಲ, ಬರೀ ಆಂಡ್ರ್ಯೂ ಮೌಂಟ್‌ಬ್ಯಾಟನ್ ವಿಂಡ್ಸರ್ ಎಂದು ಅರಮನೆ ಪ್ರಕಟಿಸಿತು. ಹಗರಣದ ವಿಷಯ ಬದಿಗಿರಲಿ. ನನ್ನ ಕಣ್ಣು ನಿಂತದ್ದು ಆ ಹೆಸರಿನ ಮೇಲೆ. ಅರವತ್ತೈದು ವರ್ಷ ಯಾವ ಅಡ್ಡಹೆಸರೂ ಬಳಸದೆ ಬದುಕಿದ ಮನುಷ್ಯನಿಗೆ ಒಂದೇ ದಿನದಲ್ಲಿ ಎರಡೆರಡು ಅಡ್ಡಹೆಸರು ಎಲ್ಲಿಂದ ಬಂದವು?

ಅವರದು ವಿಂಡ್ಸರ್ ಮನೆತನ ಎಂದು ಶಾಲೆಯಲ್ಲಿ ಓದಿದ್ದೆ. ಹಾಗಿದ್ದರೆ ಅದರ ಮುಂದೆ ಮೌಂಟ್‌ಬ್ಯಾಟನ್ ಏಕೆ? ನಮ್ಮ ದೇಶ ಹೋಳಾದಾಗ ದೆಹಲಿಯಲ್ಲಿ ಕುಳಿತಿದ್ದ ವೈಸರಾಯ್ ಮೌಂಟ್‌ಬ್ಯಾಟನ್‌ಗೂ ಇದಕ್ಕೂ ಸಂಬಂಧವಿದೆಯೇ? ಭಾನುವಾರ ಊಟಕ್ಕೆ ಕುಳಿತಾಗ ಭಾವನೊಂದಿಗೆ ಇದೇ ಚರ್ಚೆ. ರಾಜರಿಗೆ ಅಡ್ಡಹೆಸರೇ ಇರುವುದಿಲ್ಲ ಎಂದು ಅವರು. ಹುಟ್ಟಿದ ಪ್ರತಿ ಮನುಷ್ಯನಿಗೂ ಒಂದು ಇದ್ದೇ ಇರುತ್ತದೆ ಎಂದು ನಾನು. ಸಾರು ಆರಿಹೋಯಿತೇ ಹೊರತು ವಾದ ಮುಗಿಯಲಿಲ್ಲ. ತಿಳಿದವರು ಹೇಳಿ.

ಒಗ್ಗರಣೆ
ಪ್ರತಿ ಮನುಷ್ಯನಿಗೂ ಇದ್ದೇ ಇರುತ್ತದೆ ಎನ್ನುವುದನ್ನು ಒಪ್ಪುವುದಿಲ್ಲ. ನನ್ನ ಹೆಸರಿನ ಮುಂದೆ ಊರಿನ ಒಂದಕ್ಷರ, ತಂದೆಯ ಒಂದಕ್ಷರ. ಹಿಂದೆ ಏನೂ ಇಲ್ಲ. ಹಳೆ ಮೈಸೂರಿನ ಅರ್ಧ ಜನ ಹೀಗೆಯೇ ಇದ್ದೇವೆ.

ಹಳೆ ನಾಣ್ಯ
ಭಾವನ ಮಾತೇ ಸರಿಗೆ ಹತ್ತಿರ. 1917ರವರೆಗೆ ಬ್ರಿಟನ್ನಿನ ರಾಜರಿಗೆ ಮನೆತನದ ಹೆಸರಿತ್ತು, ಅಡ್ಡಹೆಸರು ಇರಲಿಲ್ಲ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಗೊಂದಲ. ವಿಕ್ಟೋರಿಯಾ ರಾಣಿ ಹ್ಯಾನೋವರ್ ಮನೆತನದವಳು. ಕೈಹಿಡಿದದ್ದು ಜರ್ಮನಿಯ ಸಾಕ್ಸ್-ಕೋಬರ್ಗ್-ಗೋಥಾ ಮನೆತನದ ಆಲ್ಬರ್ಟ್‌ನನ್ನು. 1901ರಲ್ಲಿ ಮಗ ಏಳನೆಯ ಎಡ್ವರ್ಡ್ ಪಟ್ಟಕ್ಕೆ ಬಂದಾಗ ಮನೆತನ ತಂದೆಯ ಕಡೆಗೆ ಹೊರಳಿತು. ಆದರೆ ಅದು ಅವರು ಆಳುತ್ತಿದ್ದ ಸೀಮೆಗಳ ಹೆಸರು. ಸಹಿ ಹಾಕುವಾಗ ಯಾರೂ ಅದನ್ನು ಬರೆಯುತ್ತಿರಲಿಲ್ಲ.

ಆಮೇಲೆ ಯುದ್ಧ ಬಂತು. 1917ರ ಜೂನ್ 13ರಂದು ಹಾಡಹಗಲಲ್ಲೇ ಜರ್ಮನಿಯ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಸಿದವು. ಪಾಪ್ಲರ್ ಎಂಬ ಕೂಲಿಕಾರರ ಬಡಾವಣೆಯಲ್ಲಿ ಒಂದು ಬಾಂಬು ಶಾಲೆಯ ಚಾವಣಿಯನ್ನು ಸೀಳಿ, ಮೇಲಿನ ತರಗತಿಗಳನ್ನು ದಾಟಿ, ಕೆಳಗೆ ಎಳೆಯ ಮಕ್ಕಳು ಕುಳಿತಿದ್ದ ಕೋಣೆಯಲ್ಲಿ ಸಿಡಿಯಿತು. 18 ಮಕ್ಕಳು ಸತ್ತರು, ಹೆಚ್ಚಿನವರು ಐದಾರು ವರ್ಷದವರು. ಆ ವಿಮಾನಗಳ ಹೆಸರು ಗೋಥಾ. ಗೋಥಾ ಊರಿನ ಕಾರ್ಖಾನೆಯಲ್ಲಿ ತಯಾರಾದವು. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ತನ್ನ ರಾಜನ ಮನೆತನದ ಹೆಸರಿನ ಕೊನೆಯಲ್ಲೂ ಅದೇ ಗೋಥಾ ಕಂಡರೆ ಹೇಗಾಗಬೇಡ?

ಐದನೆಯ ಜಾರ್ಜ್ ಹೆಸರು ಬದಲಿಸಲು ಒಪ್ಪಿದ. ಅಷ್ಟಕ್ಕೂ ಈಗ ಇರುವ ಅಡ್ಡಹೆಸರು ಯಾವುದು ಎಂದು ವಂಶಾವಳಿ ನೋಡಿಕೊಳ್ಳುವ ಕಚೇರಿಯನ್ನು ಕೇಳಿದರೆ ಅವರಿಗೂ ಖಚಿತವಿರಲಿಲ್ಲ. ವೆಟ್ಟಿನ್ ಇರಬಹುದು, ವಿಪ್ಪರ್ ಇರಬಹುದು ಎಂದರು! ಟ್ಯೂಡರ್-ಸ್ಟುವರ್ಟ್, ಪ್ಲಾಂಟಾಜೆನೆಟ್, ಯಾರ್ಕ್ ಎಂದೆಲ್ಲ ಸೂಚನೆಗಳು ಬಂದವು. ಕೊನೆಗೆ ಕಾರ್ಯದರ್ಶಿ ಲಾರ್ಡ್ ಸ್ಟ್ಯಾಂಫೋರ್ಡ್‌ಹ್ಯಾಂ ಸೂಚಿಸಿದ್ದು ಅವರದೇ ಕೋಟೆಯ ಊರು, ವಿಂಡ್ಸರ್. ಜುಲೈ 17ರಂದು ಘೋಷಣೆ ಹೊರಬಿತ್ತು. ಮನೆತನಕ್ಕೂ ಅಡ್ಡಹೆಸರಿಗೂ ಅದೇ ಹೆಸರು ಎಂದು ಅಂದು ತೀರ್ಮಾನವಾಯಿತು. ಎಂದರೆ ವಿಂಡ್ಸರ್ ಎಂಬ ರಾಜಮನೆತನಕ್ಕೆ ನೂರು ಚಿಲ್ಲರೆ ವರ್ಷ, ಅಷ್ಟೇ.

ಕೋಟೆಬಾಗಿಲು
ನೂರು ವರ್ಷ ಎಂಬುದು ತಪ್ಪು. ವಿಂಡ್ಸರ್ ಕೋಟೆ ಕಟ್ಟಿಸಿದ್ದು ವಿಜಯಿ ವಿಲಿಯಂ, ಹನ್ನೊಂದನೆಯ ಶತಮಾನದಲ್ಲಿ. ಮೂರನೆಯ ಎಡ್ವರ್ಡ್‌ನನ್ನು ವಿಂಡ್ಸರ್‌ನ ಎಡ್ವರ್ಡ್ ಎಂದೇ ಕರೆಯುತ್ತಿದ್ದರು.

ಹಳೆ ನಾಣ್ಯ
ಕೋಟೆ ಹಳೆಯದು, ಹೆಸರಾಗಿದ್ದು ಹೊಸತು. ಎಡ್ವರ್ಡ್ 1312ರಲ್ಲಿ ಅಲ್ಲಿ ಹುಟ್ಟಿದ್ದರಿಂದ ಹಾಗೆ ಕರೆದರು. ಅವನ ಮಕ್ಕಳು ಹುಟ್ಟಿದ ಊರು ಬೇರೆ, ಅವರ ಗುರುತಿನ ಊರೂ ಬೇರೆ: ಗೆಂಟ್‌ನಲ್ಲಿ ಹುಟ್ಟಿದ ಜಾನ್ ಎಂಬವನು ಗಾಂಟ್‌ನ ಜಾನ್ ಆದ. ತಂದೆಯಿಂದ ಮಗನಿಗೆ ಇಳಿಯದ ಹೆಸರು ಅಡ್ಡಹೆಸರಾಗುವುದಿಲ್ಲ.

ಧಾರವಾಡದ ಪೇಢೆ
ಒಂದು ನಿಮಿಷ. ‘ಅಡ್ಡಹೆಸರು’ ಎಂದರೆ ಏನು ಎಂದು ಮೊದಲು ಇತ್ಯರ್ಥ ಮಾಡಿಕೊಳ್ಳಿ. ನಮ್ಮ ಧಾರವಾಡ ಕಡೆ ಅಡ್ಡಹೆಸರು ಎಂದರೆ ಪಾಟೀಲ, ಕುಲಕರ್ಣಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಮನೆತನಕ್ಕೆ ಅಂಟಿ ಬಂದದ್ದು. ಮೈಸೂರಿನವರ ಬಾಯಲ್ಲಿ ಅಡ್ಡಹೆಸರು ಎಂದರೆ ಗೆಳೆಯರು ಕರೆಯುವ ಹೆಸರು.

ಇತಿಹಾಸದ ಮೇಷ್ಟ್ರು
ಪೇಢೆಯವರು ಎತ್ತಿದ್ದು ಪದದ ಜಗಳ ಮಾತ್ರವಲ್ಲ. ಯುರೋಪಿನ ದೊಡ್ಡ ದೊಡ್ಡ ರಾಜಹೆಸರುಗಳು ಮೈಸೂರಿನ ಅರ್ಥದಲ್ಲಿ ಹುಟ್ಟಿ ಧಾರವಾಡದ ಅರ್ಥಕ್ಕೆ ಬೆಳೆದವು. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಆಂಜೂ ಸೀಮೆಯ ಜೆಫ್ರಿ ಎಂಬವನಿಗೆ ಪ್ಲಾಂಟಾಜೆನೆಟ್ ಎಂಬ ಹೆಸರು ಬಿತ್ತು. ಹಳದಿ ಹೂವಿನ ಒಂದು ಪೊದೆಗಿಡವನ್ನು ಲ್ಯಾಟಿನ್‌ನಲ್ಲಿ ಪ್ಲಾಂಟಾ ಜೆನಿಸ್ಟಾ ಎನ್ನುತ್ತಾರೆ. ಅದರ ರೆಂಬೆಯನ್ನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಎಂಬುದು ವಾಡಿಕೆಯ ಕತೆ. ಅವನ ಮಗ ಎರಡನೆಯ ಹೆನ್ರಿ ಇಂಗ್ಲೆಂಡಿನ ರಾಜನಾದ. ಆದರೆ ಆ ವಂಶದವರು ಇದನ್ನು ಅಡ್ಡಹೆಸರಾಗಿ ಬಳಸಿದ್ದು ಮುನ್ನೂರು ವರ್ಷ ಕಳೆದ ಮೇಲೆ, ಯಾರ್ಕ್‌ನ ಡ್ಯೂಕ್ ರಿಚರ್ಡ್ ಸಿಂಹಾಸನಕ್ಕೆ ಹಕ್ಕು ಹೂಡುವ ಕಾಲಕ್ಕೆ. ಹಳೆಯ ವಂಶ ತನ್ನದು ಎಂದು ತೋರಿಸಬೇಕಿತ್ತು, ಹೆಸರನ್ನು ಅಟ್ಟದಿಂದ ಇಳಿಸಿದ.

ಸ್ಟುವರ್ಟ್ ನಿಮ್ಮ ಕುಲಕರ್ಣಿಯ ಹಾಗೆ, ಹುದ್ದೆಯ ಹೆಸರು. ಸ್ಕಾಟ್ಲೆಂಡಿನ ರಾಜರ ಅರಮನೆಯ ಮೇಲ್ವಿಚಾರಕ ಸ್ಟೂವರ್ಡ್. ಆ ಹುದ್ದೆ ವಂಶಪಾರಂಪರ್ಯವಾಯಿತು, 1371ರಲ್ಲಿ ಆ ಮನೆಯವನೇ ಎರಡನೆಯ ರಾಬರ್ಟ್ ಎಂದು ರಾಜನಾದ. ಕಾಗುಣಿತ ಬದಲಾದದ್ದು ಮೇರಿ ರಾಣಿ ಫ್ರಾನ್ಸಿನಲ್ಲಿ ಬೆಳೆದದ್ದರಿಂದ.

ಮಲೆನಾಡ ಮಳೆ
ಟ್ಯೂಡರ್ ಮರೆತಿರಿ. ಅದೂ ವಿಚಿತ್ರ. ವೇಲ್ಸ್‌ನಲ್ಲಿ ನಮ್ಮ ಇನಿಷಿಯಲ್ ಪದ್ಧತಿಯಂತೆಯೇ ಇತ್ತು, ಮಗನ ಹೆಸರಿನ ಪಕ್ಕ ತಂದೆಯ ಹೆಸರು, ಅದರ ಪಕ್ಕ ಅಜ್ಜನ ಹೆಸರು. ಓವೈನ್ ಆಪ್ ಮರೆದಿದ್ ಆಪ್ ಟುಡುರ್ (ಆಪ್ ಎಂದರೆ ಮಗ). ಐದನೆಯ ಹೆನ್ರಿಯ ವಿಧವೆ ಕ್ಯಾಥರಿನ್‌ಳನ್ನು ಮದುವೆಯಾದವನು ಈತ. ಇಂಗ್ಲಿಷರು ತಂದೆಯ ಹೆಸರು ಹಿಡಿಯುವ ಬದಲು ಅಜ್ಜನ ಹೆಸರು ಹಿಡಿದರು. ಇಲ್ಲದಿದ್ದರೆ ಎಂಟನೆಯ ಹೆನ್ರಿ, ಮೊದಲನೆಯ ಎಲಿಜಬೆತ್ ಎಲ್ಲರೂ ಮೆರೆಡಿತ್ ಮನೆತನ ಆಗುತ್ತಿದ್ದರು.

ತುಂಗಾತೀರ
ಅದ್ಭುತ. ಆದರೆ ಮೌಂಟ್‌ಬ್ಯಾಟನ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಇತಿಹಾಸದ ಮೇಷ್ಟ್ರು
ಸಂಬಂಧವಿದೆ. ವೈಸರಾಯ್ ಮೌಂಟ್‌ಬ್ಯಾಟನ್ ಎಲಿಜಬೆತ್ ರಾಣಿಯ ಗಂಡ ಫಿಲಿಪ್‌ಗೆ ಸೋದರಮಾವ.

ಕತೆ ಹಿಂದಿನಿಂದ ಹೇಳಬೇಕು. ಜರ್ಮನಿಯ ಹೆಸ್ಸೆ ಸೀಮೆಯ ರಾಜಕುಮಾರ ಅಲೆಕ್ಸಾಂಡರ್ 1851ರಲ್ಲಿ ಯೂಲಿಯಾ ಹಾಕೆ ಎಂಬಾಕೆಯನ್ನು ಮದುವೆಯಾದ. ಆಕೆ ರಾಜಕುಲದವಳಲ್ಲ, ಅರಮನೆಯ ಸಖಿ. ಅಂಥ ಮದುವೆಯ ಮಕ್ಕಳಿಗೆ ಹೆಸ್ಸೆ ಎಂಬ ಹೆಸರು ಕೊಡಲು ಮನಸ್ಸಿಲ್ಲದೆ, ಬ್ಯಾಟನ್‌ಬರ್ಗ್ ಎಂಬ ಸಣ್ಣ ಊರಿನ ಹೆಸರು ಹುಡುಕಿ ತಾಯಿಗೂ ಮಕ್ಕಳಿಗೂ ಕೊಟ್ಟರು. ಅವರ ಮಗ ಲೂಯಿ ಹದಿನಾಲ್ಕರ ವಯಸ್ಸಿಗೇ ಬ್ರಿಟನ್ನಿನ ನೌಕಾಪಡೆ ಸೇರಿದ, ಅಲ್ಲಿನ ಅತ್ಯುನ್ನತ ಹುದ್ದೆಗೇರಿದ. 1914ರಲ್ಲಿ ಯುದ್ಧ ಶುರುವಾದ ಮೂರೇ ತಿಂಗಳಲ್ಲಿ, ಹುಟ್ಟಿನಿಂದ ಜರ್ಮನ್ ಎಂಬ ಕೂಗಿಗೆ ರಾಜೀನಾಮೆ ಕೊಡಬೇಕಾಯಿತು. ನಲವತ್ತಾರು ವರ್ಷದ ಸೇವೆಗೆ ಬೆಲೆಯಿಲ್ಲ, ಹೆಸರಿನ ಕೊನೆಯ ಬರ್ಗ್‌ಗೆ ಮಾತ್ರ ಬೆಲೆ. ನನಗೆ ಈಗ ಓದಿದರೂ ಸಂಕಟವಾಗುತ್ತದೆ. 1917ರಲ್ಲಿ ಅವನೂ ಹೆಸರನ್ನು ಅನುವಾದಿಸಿಕೊಂಡ. ಬರ್ಗ್ ಎಂದರೆ ಬೆಟ್ಟ. ಅದು ಮೌಂಟ್ ಆಗಿ ಮುಂದೆ ಬಂತು. ಅವನ ಕಿರಿಯ ಮಗನೇ ನಮ್ಮ ವೈಸರಾಯ್. ಮಗಳು ಆಲಿಸ್ ಗ್ರೀಸಿನ ರಾಜಕುಮಾರನನ್ನು ಮದುವೆಯಾದಳು. ಆಕೆಯ ಮಗ ಫಿಲಿಪ್.

ಕಡಲಕರೆ
ಹಾಗಾದರೆ ಫಿಲಿಪ್ ಮೌಂಟ್‌ಬ್ಯಾಟನ್ ಆದದ್ದು ತಾಯಿಯ ಕಡೆಯಿಂದ, ಸೋದರಮಾವನ ಹೆಸರಿನಿಂದ. ನಮ್ಮ ಕರಾವಳಿಯ ಅಳಿಯಸಂತಾನ ಇದೇ ಅಲ್ಲವೇ? ನಮ್ಮ ಕುಲದ ಹೆಸರಾದ ‘ಬಳಿ’ ತಾಯಿಯಿಂದಲೇ ಬರುವುದು.

ಹಳೆ ನಾಣ್ಯ
ಅಲ್ಲ. ಅಳಿಯಸಂತಾನದಲ್ಲಿ ತಾಯಿ, ಅವಳ ತಾಯಿ ಎಂದು ಹಿಂದೆ ಹೋಗುತ್ತದೆ. ಇಲ್ಲಿ ತಾಯಿಯ ತಂದೆಯ ಹೆಸರು ಬಂತು. ಮೇಲಾಗಿ ಅದು ಪದ್ಧತಿಯಾಗಿ ಬಂದದ್ದಲ್ಲ, ಗತ್ಯಂತರವಿಲ್ಲದೆ ಬಂದದ್ದು. ಫಿಲಿಪ್‌ನ ತಂದೆಯ ಮನೆತನ ಡೆನ್ಮಾರ್ಕಿನದು, ಹೆಸರು ಷ್ಲೆಸ್ವಿಗ್-ಹೋಲ್‌ಸ್ಟೈನ್-ಸೋಂಡರ್‌ಬರ್ಗ್-ಗ್ಲೂಕ್ಸ್‌ಬರ್ಗ್. 1947ರಲ್ಲಿ ಬ್ರಿಟಿಷ್ ಪೌರತ್ವ ಪಡೆಯುವಾಗ ಅರ್ಜಿಗೆ ಒಂದು ಅಡ್ಡಹೆಸರು ಬೇಕಾಯಿತು. ಡೆನ್ಮಾರ್ಕಿನ ಮೂಲ ವಂಶ ಓಲ್ಡನ್‌ಬರ್ಗ್ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಓಲ್ಡ್‌ಕ್ಯಾಸಲ್ ಎನ್ನೋಣ ಎಂಬ ಸೂಚನೆ ಬಂದಿತ್ತು. ಗೃಹಮಂತ್ರಿಗೆ ಅದು ಹಿಡಿಸಲಿಲ್ಲ, ತಾಯಿಯ ಕಡೆಯದೇ ಇರಲಿ ಎಂದರು.

ಕಡಲಕರೆ
ಗತ್ಯಂತರವಿಲ್ಲದೆ ಬಂದರೂ ತಾಯಿಯ ಕಡೆಯದೇ ಗತಿಯಾಯಿತಲ್ಲ. ಅಷ್ಟು ಸಾಕು ನನಗೆ.

ಮಲೆನಾಡ ಮಳೆ
ಮುಂದಿನದು ಇನ್ನೂ ಬಿಸಿ. 1952ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಕೆಲವೇ ದಿನಗಳಲ್ಲಿ ಮಾವ ಮೌಂಟ್‌ಬ್ಯಾಟನ್, ಈಗ ಆಳುತ್ತಿರುವುದು ಮೌಂಟ್‌ಬ್ಯಾಟನ್ ಮನೆತನ ಎಂದು ಊಟದ ಮೇಜಿನಲ್ಲಿ ಕೊಚ್ಚಿಕೊಂಡ. ಅದು ರಾಣಿಯ ಅಜ್ಜಿ ಮೇರಿಯ ಕಿವಿಗೆ ಬಿತ್ತು. ಹೆಸರು ವಿಂಡ್ಸರ್ ಎಂದು ನಿರ್ಧರಿಸಿದ ಐದನೆಯ ಜಾರ್ಜ್‌ನ ಹೆಂಡತಿ ಆಕೆ. ವಿಷಯ ಪ್ರಧಾನಿ ಚರ್ಚಿಲ್‌ವರೆಗೆ ಹೋಯಿತು. ಏಪ್ರಿಲ್ 9ರಂದು ರಾಣಿ, ತನ್ನ ಮಕ್ಕಳೂ ವಿಂಡ್ಸರ್‌ಗಳೇ ಎಂದು ಘೋಷಿಸಬೇಕಾಯಿತು. ಇಡೀ ದೇಶದಲ್ಲಿ ಸ್ವಂತ ಮಕ್ಕಳಿಗೆ ತನ್ನ ಹೆಸರು ಕೊಡಲಾಗದ ಗಂಡಸು ತಾನೊಬ್ಬನೇ ಎಂದು ಫಿಲಿಪ್ ಕುದಿದ ಎನ್ನುತ್ತಾರೆ.

ಎಂಟು ವರ್ಷದ ಮೇಲೆ ರಾಜಿಯಾಯಿತು. 1960ರ ಫೆಬ್ರವರಿ 8ರಂದು ಹೊರಟ ಹೊಸ ಘೋಷಣೆ: ಮನೆತನ ವಿಂಡ್ಸರ್ ಆಗಿಯೇ ಇರಲಿ, ಆದರೆ ವಂಶದಲ್ಲಿ ಮುಂದೆ ಬಿರುದಿಲ್ಲದೆ ಹುಟ್ಟುವವರಿಗೆ ಮೌಂಟ್‌ಬ್ಯಾಟನ್-ವಿಂಡ್ಸರ್ ಎಂಬ ಅಡ್ಡಹೆಸರು. ಈ ದಿನಾಂಕ ನೋಡಿ. ಹನ್ನೊಂದು ದಿನ ಬಿಟ್ಟು, ಫೆಬ್ರವರಿ 19ರಂದು ಹುಟ್ಟಿದ ಮಗು ಯಾರು? ಇದೇ ಆಂಡ್ರ್ಯೂ.

ತುಂಗಾತೀರ
ಮೈ ಜುಂ ಎಂದಿತು. ಎಂದರೆ ಆ ಹೆಸರು ಅವನಿಗಿಂತ ಹನ್ನೊಂದು ದಿನ ದೊಡ್ಡದು.

ಒಗ್ಗರಣೆ
ಬಿರುದಿಲ್ಲದವರಿಗೆ ಮಾತ್ರ ಎಂದರೆ, ಬಿರುದು ಇದ್ದಾಗ ಯಾರೂ ಬಳಸುವಂತಿರಲಿಲ್ಲವೇ?

ಮಲೆನಾಡ ಮಳೆ
ಬರೆದದ್ದು ಒಂದು, ನಡೆದದ್ದು ಇನ್ನೊಂದು. 1973ರಲ್ಲಿ ರಾಜಕುಮಾರಿ ಆನ್ ಮದುವೆಯಾದಾಗ ನೋಂದಣಿ ಪುಸ್ತಕದಲ್ಲಿ ಮೌಂಟ್‌ಬ್ಯಾಟನ್-ವಿಂಡ್ಸರ್ ಎಂದೇ ಬರೆದರು. ಆಗ ಆಕೆಗೆ ಬಿರುದು ಪೂರ್ತಿ ಇತ್ತು. ವಿಲಿಯಂ ಮತ್ತು ಹ್ಯಾರಿ ಸೇನೆಯಲ್ಲಿದ್ದಾಗ ಅದನ್ನೂ ಬಳಸಲಿಲ್ಲ. ತಂದೆ ಚಾರ್ಲ್ಸ್ ಆಗ ವೇಲ್ಸ್‌ನ ರಾಜಕುಮಾರ ಆದ್ದರಿಂದ ವೇಲ್ಸ್ ಎಂದೇ ಹಾಕಿಕೊಂಡರು.

ರೈನ್ ದಂಡೆ
ಜರ್ಮನಿಯಲ್ಲಿದ್ದೇನೆ, ಇಲ್ಲಿನದು ಹೇಳುತ್ತೇನೆ. 1919ರ ವೈಮರ್ ಸಂವಿಧಾನದ 109ನೆಯ ವಿಧಿ ಶ್ರೀಮಂತರ ಸವಲತ್ತುಗಳನ್ನು ತೆಗೆದುಹಾಕಿತು. ಬಿರುದುಗಳನ್ನು ಅಳಿಸಲಿಲ್ಲ, ಅಡ್ಡಹೆಸರಿನ ಭಾಗ ಮಾಡಿತು. ಹಾಗಾಗಿ ಕೊನೆಯ ಕೈಸರ್‌ನ ವಂಶಸ್ಥರ ಗುರುತಿನ ಚೀಟಿಯಲ್ಲಿ ಅಡ್ಡಹೆಸರಿನ ಜಾಗದಲ್ಲಿ ಪ್ರಿನ್ಸ್ ಫೊನ್ ಪ್ರಾಯ್ಸನ್, ಎಂದರೆ ಪ್ರಷ್ಯಾದ ರಾಜಕುಮಾರ, ಎಂದಿರುತ್ತದೆ. ಅದು ಬಿರುದಲ್ಲ, ಕಾನೂನಿನ ಕಣ್ಣಿಗೆ ನಿಮ್ಮ ಪಾಟೀಲ ಇದ್ದ ಹಾಗೆ. ಹೆಣ್ಣುಮಕ್ಕಳಿಗೆ ಅದೇ ಪ್ರಿನ್ಸೆಸಿನ್ ಆಗುತ್ತದೆ. ಅಡ್ಡಹೆಸರಿಗೆ ಲಿಂಗ ಬದಲಾಗುವುದನ್ನು ನ್ಯಾಯಾಲಯವೂ ಒಪ್ಪಿದೆ.

ಪಕ್ಕದ ಆಸ್ಟ್ರಿಯಾ ಅದೇ ವರ್ಷ ಶ್ರೀಮಂತರ ಗುರುತಾದ ‘ಫೊನ್’ ಅನ್ನೇ ಕಿತ್ತುಹಾಕಿತು. ಕೊನೆಯ ಚಕ್ರವರ್ತಿಯ ಮಗ ಒಟ್ಟೊ ಆಸ್ಟ್ರಿಯಾದಲ್ಲಿ ಒಟ್ಟೊ ಹಾಬ್ಸ್‌ಬುರ್ಗ್-ಲೋಥ್ರಿಂಗನ್, ಗಡಿ ದಾಟಿ ಜರ್ಮನಿಗೆ ಬಂದರೆ ಒಟ್ಟೊ ಫೊನ್ ಹಾಬ್ಸ್‌ಬುರ್ಗ್. ಆ ಹೆಸರಿನಲ್ಲೇ 1979ರಿಂದ 1999ರವರೆಗೆ ಜರ್ಮನಿಯ ಪರವಾಗಿ ಯುರೋಪಿನ ಸಂಸತ್ತಿನಲ್ಲಿ ಕುಳಿತಿದ್ದರು.

ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಖಾನೆ ಖಾಲಿ. ಇಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತೆ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ ಎಂದು ನನ್ನ ಹೆಸರನ್ನೇ ಎರಡೂ ಖಾನೆಗೆ ತುಂಬಿದಳು. ಈಗ ಮಗಳ ಶಾಲೆಯಿಂದ ಬರುವ ಪ್ರತಿ ಪತ್ರದಲ್ಲೂ ಅಪ್ಪನ ಹೆಸರು ಎರಡೆರಡು ಸಲ ಇರುತ್ತದೆ. ಅಡ್ಡಹೆಸರು ಕೇಳುವುದು ಮನುಷ್ಯರಲ್ಲ, ಅರ್ಜಿ ನಮೂನೆಗಳು.

ಒಗ್ಗರಣೆ
ಕೊನೆಯ ಸಾಲಿಗೆ ನನ್ನ ಸಹಿ. ನನ್ನ ತಮ್ಮನಿಗೂ ವೀಸಾ ಕೊಡುವಾಗ ಇದೇ ಗೋಳು.

ಕೋಟೆಬಾಗಿಲು
ವೀಸಾ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ರಾಜರು ಸಾಕು. ರಷ್ಯಾದ ರೊಮಾನೊವ್‌ಗಳನ್ನು ಯಾರೂ ಮುಟ್ಟಲಿಲ್ಲ. ಅವರಿಗೆ ರಾಜರಾಗುವ ಮೊದಲೇ ಅಡ್ಡಹೆಸರಿತ್ತು. ರೋಮನ್ ಎಂಬವನ ಮಗಳು ಅನಸ್ತಾಸಿಯಾ 1547ರಲ್ಲಿ ಭಯಂಕರ ಇವಾನ್‌ನನ್ನು ಮದುವೆಯಾದಳು. ಆ ರೋಮನ್‌ನ ಮೊಮ್ಮಕ್ಕಳು ರೊಮಾನೊವ್ ಎನ್ನಿಸಿಕೊಂಡರು, 1613ರಲ್ಲಿ ಮರಿಮಗ ಮಿಖಾಯಿಲ್ ಝಾರ್ ಆದ.

ಹಳೆ ನಾಣ್ಯ
1762ರಿಂದ ಆಚೆಯವರು ತಂದೆಯ ಕಡೆಯಿಂದ ಹೋಲ್‌ಸ್ಟೈನ್-ಗೊಟ್ಟೋರ್ಪ್ ವಂಶದವರು, ಅದೂ ಜರ್ಮನಿಯದು. ರೊಮಾನೊವ್ ಎಂಬ ಹೆಸರನ್ನು ಬಿಡಲಿಲ್ಲ, ಅಷ್ಟೇ.

ಚಾಮುಂಡಿ ತಪ್ಪಲು
ಹೆಸರು ಉಳಿಸಲು ಮನುಷ್ಯನನ್ನು ತರುವುದು ನಮಗೇನೂ ಹೊಸದಲ್ಲ. ಯದುವೀರ ಗೋಪಾಲರಾಜ ಅರಸ್ ಆಗಿದ್ದವರು 2015ರಲ್ಲಿ ದತ್ತು ಹೋಗಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಆದರಲ್ಲ. ಒಡೆಯ ಎಂಬುದೂ ಮೊದಲು ಬಿರುದು, ಆಮೇಲೆ ಮನೆತನದ ಹೆಸರು. ಯುರೋಪಿನಲ್ಲಿ ಹೀಗೆ ಹೆಸರಿಗಾಗಿ ಹೆಸರು ಬಿಟ್ಟವರು ಇದ್ದಾರೆಯೇ?

ಇತಿಹಾಸದ ಮೇಷ್ಟ್ರು
ಮೊನಾಕೊ. 1715ರಲ್ಲಿ ಗ್ರಿಮಾಲ್ಡಿ ಮನೆತನದ ಉತ್ತರಾಧಿಕಾರಿಣಿ ಲೂಯಿ-ಇಪೊಲೀತ್‌ಳನ್ನು ಮದುವೆಯಾದ ಜಾಕ್ ಎಂಬ ಫ್ರೆಂಚ್ ಶ್ರೀಮಂತ ತನ್ನ ಮತಿಞೋಂ ಎಂಬ ಹೆಸರು ಬಿಟ್ಟು ಗ್ರಿಮಾಲ್ಡಿ ಆಗಬೇಕಾಯಿತು. ಎರಡು ಶತಮಾನ ಬಿಟ್ಟು 1920ರಲ್ಲಿ ಪಿಯರ್ ದ ಪೊಲಿಞಾಕ್ ಎಂಬ ಅಳಿಯನೂ ಹಾಗೆಯೇ ಮಾಡಿದ. ಎಲ್ಲರೂ ಇಂದಿಗೂ ಗ್ರಿಮಾಲ್ಡಿಗಳು.

ತಿರುವು ಮುರುವಾದದ್ದೂ ಇದೆ. ಲಿಕ್ಟನ್‌ಸ್ಟೈನ್ ಎಂಬುದು ವಿಯೆನ್ನಾ ಹತ್ತಿರದ ಒಂದು ಕೋಟೆ, ಅದರಿಂದ ಮನೆತನದ ಹೆಸರು. 1719ರಲ್ಲಿ ಆ ಮನೆತನ ಕೊಂಡಿದ್ದ ಎರಡು ಸೀಮೆಗಳನ್ನು ಸೇರಿಸಿ ಸಂಸ್ಥಾನ ಮಾಡಿದಾಗ ದೇಶಕ್ಕೇ ಮನೆತನದ ಹೆಸರು ಬಂತು.

ಧಾರವಾಡದ ಪೇಢೆ
ಫ್ರಾನ್ಸಿನ ಹದಿನಾರನೆಯ ಲೂಯಿಯದು ಹೇಳದಿದ್ದರೆ ಈ ಚರ್ಚೆ ಅಪೂರ್ಣ. ಕ್ರಾಂತಿಕಾರರು ಅವನನ್ನು ಪೌರ ಲೂಯಿ ಕಾಪೆ ಎಂದು ಕರೆದರು. ಎಂಟುನೂರು ವರ್ಷ ಹಿಂದೆ, 987ರಲ್ಲಿ, ರಾಜನಾದ ಹ್ಯೂ ಕಾಪೆ ಎಂಬ ಪೂರ್ವಜನ ಹೆಸರದು. ಮೇಲಂಗಿಯಿಂದ ಬಂದ ಅಡ್ಡಹೆಸರು, ನಿಮ್ಮ ಮೈಸೂರಿನ ಅರ್ಥದಲ್ಲಿ! 1792ರ ಡಿಸೆಂಬರ್ 11ರಂದು ವಿಚಾರಣೆಗೆ ಕರೆದೊಯ್ಯಲು ಬಂದವರು ಲೂಯಿ ಕಾಪೆಯನ್ನು ಹಾಜರುಪಡಿಸಬೇಕು ಎಂಬ ಆದೇಶ ಓದಿದಾಗ ಅವನು ತಕರಾರು ಎತ್ತಿದ. ಅದು ತನ್ನ ಹೆಸರಲ್ಲ, ಪೂರ್ವಜರಲ್ಲಿ ಒಬ್ಬರದು ಎಂದ. ಆ ಹೊತ್ತಿಗಾಗಲೇ ಮಗನನ್ನು ಅವನ ಕೈಯಿಂದ ಬಿಡಿಸಿ ಬೇರೆ ಕಡೆ ಕಳುಹಿಸಿದ್ದರು. ರಾಜ್ಯ ಹೋಗಿದೆ, ಮಗ ಪಕ್ಕದಲ್ಲಿಲ್ಲ, ತಲೆ ಹೋಗುವುದು ಗೊತ್ತಿದೆ. ಆಗಲೂ ಆ ಮನುಷ್ಯ ಹೆಸರಿನ ಬಗ್ಗೆ ತಕರಾರು ಎತ್ತುತ್ತಾನೆ. ಜನವರಿ 21ರಂದು ಗಿಲೊಟಿನ್. ನಾನು ಕ್ರಾಂತಿಯ ಪರ ಇರುವವನು, ಆದರೂ ಆ ದೃಶ್ಯ ಮನಸ್ಸಿನಿಂದ ಹೋಗುವುದಿಲ್ಲ.

ಮಲೆನಾಡ ಮಳೆ
ಅದನ್ನು ಅವಮಾನ ಎಂದು ಏಕೆ ತಿಳಿಯಬೇಕು? ಎಲ್ಲರೂ ಸಮಾನ ಎಂದ ಮೇಲೆ ಎಲ್ಲರಿಗೂ ಅಡ್ಡಹೆಸರು ಇರಲೇಬೇಕು.

ಧಾರವಾಡದ ಪೇಢೆ
ಸಮಾನತೆ ಸರಿ. ಆದರೆ ಅವನದಲ್ಲದ ಹೆಸರು ಹಚ್ಚುವುದು ಸಮಾನತೆಯಲ್ಲ. ಅವನ ಮನೆತನದ ಹೆಸರಾದ ಬೂರ್ಬೋಂ ಎಂದಿದ್ದರೆ ಒಪ್ಪುತ್ತಿದ್ದೆ. ಸ್ಪೇನಿನ ರಾಜ ಫೆಲಿಪೆ ಇಂದಿಗೂ ಅದನ್ನೇ ಬಳಸುತ್ತಾನೆ, ಸಾಮಾನ್ಯ ಸ್ಪೇನಿಗನಂತೆ ತಂದೆಯದೊಂದು ತಾಯಿಯದೊಂದು, ದೆ ಬೊರ್ಬೋನ್ ಇ ಗ್ರೇಸಿಯಾ. ಮಕ್ಕಳಿಗೆ ಪತ್ರಕರ್ತೆಯಾಗಿದ್ದ ತಾಯಿಯ ಮನೆಯ ಓರ್ತಿಸ್ ಸೇರಿದೆ. ಅದನ್ನು ನೋಡಿದರೆ ನನಗೆ ಗೌರವ ಬರುತ್ತದೆ.

ರೈನ್ ದಂಡೆ
ಫೆಲಿಪೆಯ ತಾಯಿ ಸೋಫಿಯಾಳ ಅಡ್ಡಹೆಸರು ‘ಗ್ರೀಸ್’ ಎಂಬುದನ್ನು ಗಮನಿಸಿ. ಅದೇ ಗ್ರೀಸಿನಲ್ಲಿ ಇದಕ್ಕೇ ಮೂವತ್ತು ವರ್ಷ ಜಗಳ. ಪದಚ್ಯುತ ರಾಜ ಕಾನ್‌ಸ್ಟಂಟೈನ್ ಆಕೆಯ ತಮ್ಮ. 1994ರ ಕಾನೂನು ಅವನ ಪೌರತ್ವ ತೆಗೆಯಿತು. ಬೇಕಾದರೆ ಅಡ್ಡಹೆಸರು ಇಟ್ಟುಕೊಂಡು ಬಾ ಎಂದಿತು. ನಮ್ಮ ವಂಶಕ್ಕೆ ಅಡ್ಡಹೆಸರೇ ಇಲ್ಲ ಎಂದು ಅವನು 2023ರಲ್ಲಿ ಸಾಯುವವರೆಗೂ ಬಗ್ಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮಕ್ಕಳು ಬಗ್ಗಿದರು. ಆರಿಸಿದ ಹೆಸರು ‘ದೆ ಗ್ರೆಸ್’, ಎಂದರೆ ಫ್ರೆಂಚಿನಲ್ಲಿ ಗ್ರೀಸಿನವರು. ಅದು ಅಡ್ಡಹೆಸರಲ್ಲ, ಬಿರುದೇ ಎಂದು ಅಲ್ಲಿನ ಎಡಪಕ್ಷಗಳು ಆಕ್ಷೇಪಿಸಿದವು.

ಬಲ್ಗೇರಿಯಾದಲ್ಲಿ ಇದಕ್ಕೆ ತದ್ವಿರುದ್ಧ. ಒಂಬತ್ತರ ವಯಸ್ಸಿನಲ್ಲಿ ಸಿಂಹಾಸನ ಕಳೆದುಕೊಂಡ ಸಿಮಿಯೊನ್ ಮರಳಿ ಬಂದು ಚುನಾವಣೆ ಗೆದ್ದು 2001ರಿಂದ 2005ರವರೆಗೆ ಪ್ರಧಾನಮಂತ್ರಿಯಾದರು. ಅವರ ಅಡ್ಡಹೆಸರು ಸಾಕ್ಸ್‌ಕೊಬುರ್ಗ್‌ಗೊಟ್ಸ್ಕಿ. ಲಂಡನ್ ತೊರೆದ ಹೆಸರು ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಮತಪತ್ರದ ರಾಜಕೀಯದಲ್ಲಿ ಗೆದ್ದಿತು.

ತುಂಗಾತೀರ
ಎಲ್ಲರಿಗೂ ಕೈ ಮುಗಿಯುತ್ತೇನೆ. ಇದಿಷ್ಟನ್ನೂ ಭಾವನಿಗೆ ಓದಿ ಹೇಳಿದೆ. ನಾನು ಸೋತದ್ದನ್ನು ಒಪ್ಪಿಕೊಂಡೆ, ಅವರೂ ಅರ್ಧ ಸೋತಿದ್ದಾರೆ. ಅವರಿಂದ ಬಂದ ಹೊಸ ಪ್ರಶ್ನೆ: ಹ್ಯಾರಿ ಅಮೆರಿಕಕ್ಕೆ ಹೋದ ಮೇಲೆ ಅವನ ಮಕ್ಕಳ ಅಡ್ಡಹೆಸರು ಯಾವುದು?

ಮಲೆನಾಡ ಮಳೆ
2019ರಲ್ಲಿ ಹುಟ್ಟಿದಾಗ ಮಗನಿಗೆ ಇಟ್ಟದ್ದು ಆರ್ಚಿ ಹ್ಯಾರಿಸನ್ ಮೌಂಟ್‌ಬ್ಯಾಟನ್-ವಿಂಡ್ಸರ್. 1960ರ ಘೋಷಣೆ ಯಾರಿಗಾಗಿ ಹೊರಟಿತ್ತೋ ಅಂಥ ಮಗು ಅದು, ಆಗ ಬಿರುದು ಇರಲಿಲ್ಲ. ಅಜ್ಜ ಪಟ್ಟಕ್ಕೆ ಬಂದ ಮೇಲೆ ರಾಜಕುಮಾರನಾದ. ಈಗ ಮಕ್ಕಳು ಬಳಸುತ್ತಿರುವುದು ತಂದೆಯ ಡ್ಯೂಕ್ ಪದವಿಯ ಸಸೆಕ್ಸ್.

ಕಡಲಕರೆ
ಡಚ್ಚರ ಈಗಿನ ರಾಜ ಇನ್ನೂ ಚೆನ್ನಾಗಿ ಮಾಡಿದ್ದ. 1986ರಲ್ಲಿ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಹನ್ನೊಂದು ಊರು ಸುತ್ತುವ ಸುಮಾರು 200 ಕಿಲೋಮೀಟರಿನ ಸ್ಕೇಟಿಂಗ್ ಓಟಕ್ಕೆ ಡಬ್ಲ್ಯು.ಎ. ವಾನ್ ಬ್ಯೂರೆನ್ ಎಂದು ಹೆಸರು ಬರೆಸಿ ಸಾವಿರಾರು ಜನರ ನಡುವೆ ಓಡಿ ಮುಗಿಸಿದ.

ಒಗ್ಗರಣೆ
ಅಲ್ಲಿಯೂ ಹೆಸರಿನ ಮುಂದೆ ಎರಡು ಇನಿಷಿಯಲ್! ಆ ಬ್ಯೂರೆನ್ ಎಲ್ಲಿಯದು?

ಕಡಲಕರೆ
1551ರಲ್ಲಿ ಆರೆಂಜ್‌ನ ವಿಲಿಯಂ ಮದುವೆಯಾದ ಅನ್ನಾ ಬ್ಯೂರೆನ್ ಸೀಮೆಯ ಒಡತಿ. ಅಂದಿನಿಂದ ಆ ಬಿರುದು ಮನೆತನದಲ್ಲಿದೆ. ಅದೂ ಹೆಂಡತಿಯ ಕಡೆಯಿಂದ ಬಂದದ್ದೇ, ಹಳೆ ನಾಣ್ಯದವರು ಗಮನಿಸಬೇಕು.